ಹರಗೋಲಿನಿಂದ ಟ್ಯೂಬಿನವರೆಗೆ

ಇತಿಹಾಸವೆಂದೊಡನೆ ನಮ್ಮ ವಿದ್ಯಾರ್ಥಿಗಳ ಕಣ್ಮುಂದೆ ನಿಲ್ಲುವುದು ಕೋಟೆ, ಕೊತ್ತಲ, ಸಿಂಹಾಸನ, ಪಟ್ಟಾಭಿಷೇಕ. ಗದ್ವಾಲಿನ ಮಕ್ಕಳಿಗೆ ಅಲ್ಲಿನ ಸಂಸ್ಥಾನದ ಕೋಟೆ ಇತಿಹಾಸ; ನಾರಾಯಣಪೇಟೆಯ ಮಕ್ಕಳಿಗೆ ಹೆಚ್ಚೆಂದರೆ ಮಗ್ಗ ಮತ್ತು ಸೀರೆಯ ಕೀರ್ತಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಕೋಟೆಯ ಕಲ್ಲನ್ನು ಕೂಡಿಸುವುದಕ್ಕೆ ಬಹುಕಾಲ ಮುಂಚಿನಿಂದಲೂ ಇದೇ ನೆಲದಲ್ಲಿ, ಇದೇ ನೀರಿನಲ್ಲಿ ನಡೆದುಬಂದಿರುವ ಕಸುಬೊಂದರ ಕಡೆಗೆ ನಮ್ಮ ಪಾಠಪುಸ್ತಕಗಳು ತಿರುಗಿ ನೋಡಿದ್ದು ಕಡಮೆ. ನಾನೂ ನೋಡಿದವನಲ್ಲ. ನೋಡುವಂತೆ ಮಾಡಿದವನು ನನ್ನ ತರಗತಿಯ ಒಬ್ಬ ಹುಡುಗ.

ಚೈತ್ರಮಾಸದ ಒಂದು ಮುಂಜಾವು. ಮಖ್ತಲ್ ಸೀಮೆಯ ಒಂದು ಸಣ್ಣ ಕೆರೆಯ ಏರಿಯ ಮೇಲೆ ಕೆಲವು ಮಕ್ಕಳೊಡನೆ ನಡೆದು ಹೋಗುತ್ತಿದ್ದೆ. ಮಾಘ ಕಳೆದ ಮೇಲೆ ನಮ್ಮ ಕೆರೆಗಳು ದಿನದಿನಕ್ಕೆ ಸೊರಗತೊಡಗುತ್ತವೆ. ನೀರು ಅಂಚನ್ನು ಬಿಟ್ಟು ನಡುವಿಗೆ ಸರಿಯುತ್ತದೆ. ಜೊಂಡಿನ ಬುಡ ಬಯಲಾಗುತ್ತದೆ. ದೊಡ್ಡ ಬಲೆಯನ್ನು ಎಳೆಯುವಷ್ಟು ನೀರಿಲ್ಲ, ಕಾಲಿಟ್ಟು ನಡೆಯೋಣವೆಂದರೆ ಮೊಣಕಾಲುದ್ದ ಕೆಸರು. ಇಂತಹ ಹೊತ್ತಿನಲ್ಲಿ ಸಣ್ಣ ಮೀನಿನ ಬೇಟೆ ಒಬ್ಬಂಟಿಯ ಕೆಲಸ. ಕೆರೆಯ ನಡುವೆ ಒಬ್ಬನು ಗಾಳಿ ತುಂಬಿದ ಲಾರಿಯ ಟ್ಯೂಬಿನ ಮೇಲೆ ಕುಳಿತಿದ್ದನು. ಟ್ಯೂಬಿನ ಹೊಟ್ಟೆಗೆ ಅಡ್ಡಡ್ಡಲಾಗಿ ಹಗ್ಗ ಬಿಗಿದು ಒಂದು ಹಲಗೆಯನ್ನಿಟ್ಟಿತ್ತು. ಅದೇ ಅವನ ಪೀಠ. ಕಾಲುಗಳೆರಡೂ ನೀರಿನೊಳಗೆ. ಅಂಗೈಯೇ ಹುಟ್ಟು. ತೊಡೆಯ ಮೇಲೆ ತೆಳ್ಳನೆಯ ನೈಲಾನ್ ಬಲೆ. ಸೊಂಟಕ್ಕೆ ಕಟ್ಟಿದ ಚೀಲದಲ್ಲಿ ಅಂಗೈಯಗಲದ ಮೀನುಗಳು. ಅವನು ಸಪ್ಪಳವಿಲ್ಲದೆ ಜೊಂಡಿನ ಅಂಚನ್ನು ಸವರಿಕೊಂಡು ಹೋಗುವುದನ್ನು ನೋಡಿದರೆ ನೀರೇ ಅವನನ್ನು ಎತ್ತಿಕೊಂಡು ತಿರುಗಾಡಿಸುತ್ತಿರುವಂತೆ ಕಾಣುತ್ತಿತ್ತು.

ಹಿಂದಿನ ವಾರವಷ್ಟೇ 'ನಮ್ಮ ಊರಿನ ಇತಿಹಾಸ' ಎಂಬ ಪ್ರಬಂಧವನ್ನು ಬರೆಯಿಸಿದ್ದೆನು. ಎಲ್ಲರೂ ಕೋಟೆ, ಗುಡಿ, ದರ್ಗಾಗಳನ್ನು ಬರೆದಿದ್ದರು. ನನ್ನ ಪಕ್ಕದಲ್ಲಿ ನಡೆಯುತ್ತಿದ್ದ ಹುಡುಗನೂ ಹಾಗೆಯೇ ಬರೆದಿದ್ದನು. ಅವನು ಕೆರೆಯ ಕಡೆಗೆ ನೋಡದೆ ತಲೆ ತಗ್ಗಿಸಿಕೊಂಡು, ಮೆಲ್ಲಗೆ ಕೇಳಿದನು: "ಸರ್, ಟೂಬಿಗೂ ಇತಿಹಾಸ ಅದ ಏನ್ರಿ?" ಜೊತೆಯ ಹುಡುಗರು ನಕ್ಕರು. ಟ್ಯೂಬಿನ ಮೇಲಿದ್ದವನು ಅವನ ತಂದೆಯೆಂಬುದು ನನಗೆ ಆಮೇಲೆ ತಿಳಿಯಿತು. ಆ ನಗೆಗೆ ಉತ್ತರವಾಗಿ ಈ ಲೇಖನವನ್ನು ಬರೆದಿದ್ದೇನೆ.

ಮನುಷ್ಯನು ದೋಣಿಯನ್ನು ಕೊರೆಯುವುದಕ್ಕೆ ಮುಂಚೆಯೇ ತೇಲುವುದನ್ನು ಅಪ್ಪಿಕೊಂಡು ನೀರಿಗಿಳಿದಿರಬೇಕು. ಮರದ ತುಂಡು, ಒಣಗಿದ ಸೋರೆಬುರುಡೆ, ಬಾಯಿ ಕಟ್ಟಿದ ಕೊಡ, ಊದಿದ ಆಡಿನ ಚರ್ಮ, ಇವೆಲ್ಲ ಟ್ಯೂಬಿನ ಹಿರಿಯರು. ಸೋರೆಬುರುಡೆಯನ್ನು ಬೆನ್ನಿಗೆ ಕಟ್ಟಿಕೊಂಡು ಬಾವಿಯಲ್ಲಿ ಈಜು ಕಲಿತ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಅಸ್ಸೀರಿಯಾದ ದೊರೆ ಎರಡನೆಯ ಅಶುರ್‌ನಾಸಿರ್‌ಪಾಲನ ಅರಮನೆಯ ಶಿಲ್ಪಗಳಲ್ಲಿ ಊದಿದ ಚರ್ಮದ ಚೀಲವನ್ನು ಎದೆಗವಚಿಕೊಂಡು ಹೊಳೆ ದಾಟುವ ಯೋಧರಿದ್ದಾರೆ. ಆ ಕಲ್ಲುಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಮುಂದೆ ಅದೇ ನಾಡಿನ ದೊರೆ ಸೆನ್ನಾಕೆರಿಬನ ಕಾಲದ ಶಿಲ್ಪದಲ್ಲಿ ಅಂತಹ ಚೀಲದ ಮೇಲೆ ಕುದುರೆ ಏರಿದಂತೆ ಕುಳಿತು ಮೀನು ಹಿಡಿಯುವವನನ್ನೇ ಕಾಣಬಹುದು. ಕಾಲುಗಳೆರಡೂ ನೀರಿನೊಳಗೆ! ಎರಡು ಸಾವಿರದ ಏಳುನೂರು ವರ್ಷಗಳ ಹಿಂದಿನ ಆ ಬೆಸ್ತನಿಗೂ ನಮ್ಮ ಕೆರೆಯ ಬೆಸ್ತನಿಗೂ ಕುಳಿತ ಭಂಗಿಯಲ್ಲಿ ಭೇದವಿಲ್ಲ. ಸಿಂಧೂನದಿಯ ಮೀನುಗಾರರು ದೊಡ್ಡ ಮಣ್ಣಿನ ಗಡಿಗೆಯ ಬಾಯಿಯ ಮೇಲೆ ಹೊಟ್ಟೆಯನ್ನೂರಿ ತೇಲುತ್ತ, ಹಿಡಿದ ಪಲ್ಲಾ ಮೀನನ್ನು ಅದೇ ಗಡಿಗೆಯೊಳಗೆ ಹಾಕಿಕೊಳ್ಳುತ್ತಿದ್ದರು. ಆಸನವೂ ಅದೇ, ಬುಟ್ಟಿಯೂ ಅದೇ. ಇದಕ್ಕಿಂತ ಜಾಣತನವನ್ನು ಯಾವ ಎಂಜಿನಿಯರಿನಿಂದ ನಿರೀಕ್ಷಿಸಬೇಕು?

ಅಮೆರಿಕದಲ್ಲಿ ಇದೇ ಕೆಲಸ ವಿನೋದವಾಗಿ ಬೆಳೆಯಿತು. ಇಪ್ಪತ್ತನೆಯ ಶತಮಾನದ ನಡುವಿನ ಹೊತ್ತಿಗೆ ಅಲ್ಲಿಯ ಗಾಳದ ಹವ್ಯಾಸಿಗಳು ಲಾರಿಯ ಟ್ಯೂಬಿನ ನಡುವೆ ಬಟ್ಟೆಯ ಕುಳಿಯಾಸನವನ್ನು ಹೊಲಿಸಿಕೊಂಡು, ಕಾಲಿಗೆ ಬಾತುಕೋಳಿಯ ಪಾದದಂತಹ ರಬ್ಬರಿನ ಜೋಡುಗಳನ್ನು ತೊಟ್ಟು, ವಸಂತದಲ್ಲಿ ನೀರು ಬೆಚ್ಚಗಾದಾಗ ಸಣ್ಣ ಸರೋವರಗಳಿಗಿಳಿದರು. ಬಾಣಲೆಯಲ್ಲಿ ಇಡಿಯಾಗಿ ಹಿಡಿಸುವಷ್ಟೇ ಗಾತ್ರದ ಮೀನುಗಳೆಂದು ಅವುಗಳಿಗೆ ಅಲ್ಲಿ 'ಬಾಣಲೆಮೀನು' ಎಂಬರ್ಥದ ಹೆಸರೇ ಇದೆ. ಅವರದು ರಜೆಯ ದಿನದ ಆಟ, ನಮ್ಮವನದು ಮನೆಯ ಒಲೆಯ ಮಾತು.

ಆದರೆ ಮೀನು ಹಿಡಿಯುವುದನ್ನು ವಿನೋದವೆಂದು ಶಾಸ್ತ್ರೀಯವಾಗಿ ವಿವೇಚಿಸಿದವರು ಪಶ್ಚಿಮದವರೇ ಮೊದಲು ಎಂದು ಭಾವಿಸುವವರು ನಮ್ಮ ನೆಲದ ಒಂದು ಗ್ರಂಥವನ್ನು ನೋಡಬೇಕು. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ೧೧೩೧ರ ಸುಮಾರಿಗೆ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಅಥವಾ 'ಅಭಿಲಷಿತಾರ್ಥಚಿಂತಾಮಣಿ' ಎಂಬ ವಿಶ್ವಕೋಶವನ್ನು ರಚಿಸಿದನು. ಆಗ ಕಲ್ಯಾಣವೇ ರಾಜಧಾನಿ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ನಮ್ಮ ಈ ಸೀಮೆಯೂ ಅದೇ ಚಾಲುಕ್ಯರ ಆಳ್ವಿಕೆಗೆ ಸೇರಿತ್ತು, ಅವರ ಕನ್ನಡ ಶಾಸನಗಳು ಇಲ್ಲಿ ದೊರೆತಿವೆ. ಗ್ರಂಥದಲ್ಲಿ ಐದು ವಿಂಶತಿಗಳು, ಒಂದೊಂದರಲ್ಲಿ ಇಪ್ಪತ್ತರಂತೆ ಒಟ್ಟು ನೂರು ಅಧ್ಯಾಯಗಳು. ಅರಸನ ವಿನೋದಗಳನ್ನು ಹೇಳುವ ಭಾಗದಲ್ಲಿ 'ಮತ್ಸ್ಯವಿನೋದ' ಎಂಬ ಒಂದು ಅಧ್ಯಾಯವಿದೆ.

ಅದನ್ನು ಓದಿದವರಿಗೆ ಮೊದಲು ಆಶ್ಚರ್ಯವಾಗುವುದು ನೋಟದ ಸೂಕ್ಷ್ಮತೆ. ಸಮುದ್ರದ ಮೀನು, ಹೊಳೆಯ ಮೀನು ಎಂಬ ವಿಂಗಡಣೆ; ಹೊರಮೈಯಲ್ಲಿ ಹುರುಪೆಯುಳ್ಳವು, ಹುರುಪೆಯಿಲ್ಲದವು ಎಂಬ ವಿಂಗಡಣೆ; ದೊಡ್ಡವು, ನಡುವಣವು, ಸಣ್ಣವು ಎಂಬ ಇನ್ನೊಂದು. ಮೂವತ್ತಕ್ಕೂ ಹೆಚ್ಚು ಬಗೆಯ ಮೀನುಗಳ ಹೆಸರುಗಳಿವೆ. ಯಾವ ಮೀನಿಗೆ ಯಾವ ತಿನಿಸು ಪ್ರಿಯ, ಹಿಟ್ಟು ಹಿಂಡಿಗಳ ಉಂಡೆ ಯಾವುದಕ್ಕೆ, ಮಾಂಸ ಯಾವುದಕ್ಕೆ ಎಂಬುದನ್ನು ಹೇಳಿ, ಅವುಗಳಿಗೆ ಮೊದಲು ಉಣಿಸಿ ಪಳಗಿಸುವ ಕ್ರಮವನ್ನು ವಿವರಿಸಿ, ಅನಂತರವೇ ಗಾಳದ ಕೋಲು, ದಾರ, ಕೊಕ್ಕೆಗಳ ವಿಷಯಕ್ಕೆ ಬರುತ್ತದೆ. ಇದು ಊಹೆಯಿಂದ ಬರೆದ ಮಾತಲ್ಲ. ನೀರಿನ ಅಂಚಿನಲ್ಲಿ ಗಂಟೆಗಟ್ಟಲೆ ಕುಳಿತವರಿಂದ ಕೇಳಿ ತಿಳಿದ ಮಾತು. ಪ್ರಾಣಿಶಾಸ್ತ್ರಜ್ಞ ಸುಂದರಲಾಲ್ ಹೋರಾ ಅವರು ೧೯೫೧ರಲ್ಲಿ ಈ ಅಧ್ಯಾಯವನ್ನು ಕುರಿತು ಬರೆದು ವಿದ್ವಾಂಸರ ಗಮನವನ್ನು ಸೆಳೆದರು. ಇಂಗ್ಲಿಷಿನಲ್ಲಿ ಗಾಳದ ಮೇಲಿನ ಮೊದಲ ಪ್ರಬಂಧ ಅಚ್ಚಾದದ್ದು ೧೪೯೬ರಲ್ಲಿ. ಐಜಾಕ್ ವಾಲ್ಟನ್ನನ ಪ್ರಸಿದ್ಧ ಪುಸ್ತಕ ೧೬೫೩ರದು. ಮೊದಲನೆಯದಕ್ಕಿಂತಲೂ ಮುನ್ನೂರ ಅರವತ್ತು ವರ್ಷಗಳಿಗೆ ಮಿಕ್ಕು ಹಿಂದೆಯೇ ಕಲ್ಯಾಣದಲ್ಲಿ ಇಂತಹ ಅಧ್ಯಾಯ ಸಿದ್ಧವಾಗಿತ್ತು.

ಇಲ್ಲಿ ಒಂದು ಮಾತು. ಅರಸನಿಗೆ ಈ ಮೀನುಗಳ ಹೆಸರನ್ನು ಹೇಳಿಕೊಟ್ಟವರು ಯಾರು? ಅಧ್ಯಾಯ ಅವರನ್ನು ಹೆಸರಿಸಿಲ್ಲ. ಮೀನಿನ ಮೂವತ್ತು ಹೆಸರು ಉಳಿದವು, ಮೀನುಗಾರನ ಒಂದು ಹೆಸರೂ ಉಳಿಯಲಿಲ್ಲ. ನನ್ನ ವಿದ್ಯಾರ್ಥಿಯ ಪ್ರಬಂಧದಲ್ಲಿ ಅವನ ತಂದೆಗೆ ಸ್ಥಳವಿಲ್ಲದೆ ಹೋದದ್ದು ಹೊಸ ಸಂಗತಿಯೇನಲ್ಲ.

ಆದರೆ ಕಲ್ಯಾಣದ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಸೋಮೇಶ್ವರನು ೧೧೩೮ರಲ್ಲಿ ತೀರಿಕೊಂಡನು. ಅನಂತರ ಒಂದೇ ತಲೆಮಾರಿನೊಳಗೆ, ಬಿಜ್ಜಳನ ಕಾಲದಲ್ಲಿ, ಅದೇ ಪಟ್ಟಣದಲ್ಲಿ ಶರಣರು ನೆರೆದರು. ಅವರ ಹೆಸರುಗಳನ್ನು ಸ್ವಲ್ಪ ನಿಧಾನವಾಗಿ ಹೇಳಿಕೊಂಡು ನೋಡೋಣ: ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ಸಮಗಾರ ಹರಳಯ್ಯ, ನುಲಿಯ ಚಂದಯ್ಯ. ತುಂಗಭದ್ರೆಯ ತೀರದ ಚೌಡದಾನಪುರದೊಡನೆ ಚೌಡಯ್ಯನ ಹೆಸರು ಬೆಸೆದಿದೆ. ಅವನದು ದೋಣಿ ನಡೆಸುವ ಕಾಯಕ. ಕೇತಯ್ಯನದು ಬಿದಿರು ಸೀಳಿ ಬುಟ್ಟಿ ಹೆಣೆಯುವ ಕಾಯಕ. ಹರಳಯ್ಯನದು ಚರ್ಮದ ಕಾಯಕ. ಚಂದಯ್ಯನದು ಹುಲ್ಲು ತಂದು ಹಗ್ಗ ಹೊಸೆಯುವ ಕಾಯಕ. ಈಗ ಹರಗೋಲನ್ನು ಕಣ್ಮುಂದೆ ತಂದುಕೊಳ್ಳಿರಿ. ಅದೊಂದು ಬಿದಿರಿನ ದೊಡ್ಡ ಬುಟ್ಟಿ. ಅದರ ಹೊರಮೈಗೆ ಚರ್ಮದ ಹೊದಿಕೆ. ಅಂಚಿಗೆ ಹಗ್ಗದ ಬಿಗಿತ. ಒಳಗೆ ಹುಟ್ಟು ಹಿಡಿದ ಅಂಬಿಗ. ಒಂದು ಹರಗೋಲಿಗೆ ಬೇಕಾದ ನಾಲ್ಕು ಕಾಯಕಗಳೂ ಆ ನಾಲ್ಕು ಹೆಸರುಗಳಲ್ಲಿ ಇವೆ. ಇದು ನಾನು ಕಟ್ಟಿದ ಕೂಡಿಕೆಯೇ ಹೊರತು ಯಾವ ಶರಣರೂ ಹೇಳಿದ್ದಲ್ಲ. ಅವರಲ್ಲಿ ಕೊಲ್ಲಬೇಡವೆಂಬ ಮಾತೂ ಬಲವಾಗಿದ್ದಿತೆಂಬುದನ್ನು ಮರೆತಿಲ್ಲ. ಹೇಳಬೇಕಾದುದಿಷ್ಟೇ: ಅರಸನ ಪುಸ್ತಕದಲ್ಲಿ ಹೆಸರಿಲ್ಲದೆ ಉಳಿದ ಅಂಬಿಗನು ಮೂವತ್ತು ನಲವತ್ತು ವರ್ಷಗಳಲ್ಲಿ ಅದೇ ಊರಿನಲ್ಲಿ ತನ್ನ ಕಸುಬಿನ ಹೆಸರನ್ನೇ ಅಂಕಿತದ ಜಾಗದಲ್ಲಿಟ್ಟು, ಸಂಸ್ಕೃತದಲ್ಲಲ್ಲ, ಕನ್ನಡದಲ್ಲಿ ಮಾತನಾಡಿದನು.

ಹರಗೋಲಿನ ಲಿಖಿತ ವರ್ಣನೆಗಳಲ್ಲಿ ನಮಗೆ ಹತ್ತಿರದ್ದು ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನದು. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಅವನು ಆನೆಗೊಂದಿಯ ದಾಟಿನಲ್ಲಿ ಬುಟ್ಟಿಯಂತೆ ದುಂಡಗಿನ, ಹೊರಗೆ ಚರ್ಮ ಹೊದಿಸಿದ ದೋಣಿಗಳನ್ನು ಕಂಡನು. ಹದಿನೈದು ಇಪ್ಪತ್ತು ಜನರನ್ನು ಹೊರುವ ಅವು ಗಿರಗಿರನೆ ತಿರುಗುತ್ತಲೇ ಮುಂದೆ ಸಾಗುವುದನ್ನು ಸೋಜಿಗದಿಂದ ಬರೆದನು. ಅದೇ ೧೫೨೦ರ ಮೇ ತಿಂಗಳಲ್ಲಿ ರಾಯಚೂರಿನ ಯುದ್ಧ ನಡೆಯಿತು. ಸೋತು ಹಿಮ್ಮೆಟ್ಟಿದ ಬಿಜಾಪುರದ ಸೈನಿಕರಲ್ಲಿ ಅನೇಕರು ಕೃಷ್ಣೆಯ ಪಾಲಾದರೆಂದು ಇನ್ನೊಬ್ಬ ಪೋರ್ಚುಗೀಸ್ ಲೇಖಕ ನೂನಿಜ್ ತಿಳಿಸುತ್ತಾನೆ. ದಾಟಿನ ಮೇಲೆ ಹಿಡಿತವಿದ್ದವನಿಗೆ ದೋಆಬಿನ ಮೇಲೆ ಹಿಡಿತ ಎಂಬುದು ಈ ನಾಡಿನ ರಾಜಕೀಯದ ಹಳೆಯ ಸೂತ್ರ. ಮುಂದೆ ಆರ್ಥರ್ ವೆಲ್ಲೆಸ್ಲಿಯೂ ೧೮೦೦ ಮತ್ತು ೧೮೦೩ರ ದಂಡಯಾತ್ರೆಗಳಲ್ಲಿ ದಕ್ಷಿಣದ ಹೊಳೆಗಳನ್ನು ದಾಟಲು ಇಂತಹ ಬುಟ್ಟಿದೋಣಿಗಳನ್ನೇ ನೆಚ್ಚಿಕೊಂಡನು; ಅವುಗಳನ್ನು ಸಿದ್ಧಪಡಿಸುವ ಬಗೆಗೆ ಅವನ ಪತ್ರಗಳಲ್ಲಿ ಸೂಚನೆಗಳಿವೆ. ಮದ್ರಾಸ್ ಪ್ರಾಂತ್ಯದ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದ ಜೇಮ್ಸ್ ಹಾರ್ನೆಲ್ ೧೯೩೩ರಲ್ಲಿ ದಕ್ಷಿಣ ಭಾರತದ ಹರಗೋಲುಗಳನ್ನು ಕುರಿತು ಪ್ರತ್ಯೇಕ ಲೇಖನವನ್ನೇ ಬರೆದನು. ಸೇನಾನಿಯ ಕಣ್ಣಿಗೂ ವಿದ್ವಾಂಸನ ಕಣ್ಣಿಗೂ ಬಿದ್ದ ವಸ್ತು ನಮ್ಮ ಪಾಠದ ಕಣ್ಣಿಗೆ ಬೀಳದೆ ಹೋಯಿತು.

ಭಾಷೆಯ ಅಧ್ಯಾಪಕರಿಗೆ ಇಲ್ಲಿ ಇನ್ನೊಂದು ಸೊಗಸಿದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ, ಅದುವರೆಗೆ ರಾಯಚೂರು ಜಿಲ್ಲೆಯಲ್ಲಿದ್ದ ಗದ್ವಾಲ ಮತ್ತು ಆಲಂಪುರ ತಾಲ್ಲೂಕುಗಳು ಮಹಬೂಬನಗರಕ್ಕೆ ಸೇರಿದವು. ಗಡಿ ಸರಿಯಿತು; ಬಲೆ, ಗಾಳಗಳಿಗೆ ಗಡಿ ತಿಳಿಯಲಿಲ್ಲ. ಕನ್ನಡದ 'ಗಾಳ' ತೆಲುಗಿನಲ್ಲಿ 'ಗಾಲಂ'. ಕನ್ನಡದ 'ಬಲೆ' ತೆಲುಗಿನಲ್ಲಿ 'ವಲ'. ನಮ್ಮ ಬಕಾರಕ್ಕೆ ಅವರ ವಕಾರ, 'ಬೇರು–ವೇರು' ಎಂಬಲ್ಲಿ ಇರುವಂತೆಯೇ. ಗಾಳಕ್ಕೆ ಸಿಕ್ಕಿಸುವ 'ಎರೆ' ಅಲ್ಲಿ 'ಎರ'. ಹರಗೋಲಿಗೆ ಮಾತ್ರ ತೆಲುಗರು 'ಪುಟ್ಟಿ' ಎನ್ನುತ್ತಾರೆ; ಆದರೆ ರಾಯಚೂರು ಕಲಬುರಗಿಗಳ ಕಡೆಯ ಕನ್ನಡದಲ್ಲಿ ಪುಟ್ಟಿಯೆಂದರೆ ಬುಟ್ಟಿ. ಆಕಾರವೊಂದೇ ಆದುದರಿಂದ ಹೆಸರೂ ಒಂದೇ. ಕಬ್ಬಲಿಗರು, ಅಂಬಿಗರು, ಗಂಗಪುತ್ರರು, ಬೆಸ್ತರು ಎಂದು ಜನರ ಹೆಸರು ಬೇರೆ ಬೇರೆಯಾದರೂ ಕೆರೆಯ ಮೇಲಿನ ಮಾತು ಎರಡು ನುಡಿಗಳನ್ನೂ ಒಂದೇ ಹುಟ್ಟಿನಿಂದ ನೂಕುತ್ತದೆ. 'ತದ್ಭವ' ಪಾಠಕ್ಕೆ ಕೊಡುವ ಗಮನದಲ್ಲಿ ಕಾಲುಭಾಗವನ್ನು ಈ ಮಾತುಗಳಿಗೆ ಕೊಟ್ಟರೆ ನಮ್ಮ ಮಕ್ಕಳು ಎರಡು ಭಾಷೆಗಳನ್ನೂ ಹೆದರದೆ ಕಲಿತಾರು.

ಈಗ ನೀರಿನ ಕಡೆಗೆ ಬರೋಣ. ಕೃಷ್ಣೆಯು ತಂಗಡಗಿಯ ಬಳಿ, ಭೀಮೆ ತನ್ನನ್ನು ಕೂಡುವಲ್ಲಿ, ತೆಲಂಗಾಣವನ್ನು ಹೊಗುತ್ತಾಳೆ. ಮುಂದೆ ಗದ್ವಾಲಿನ ಸಮೀಪ ಜೂರಾಲಾ ಅಣೆಕಟ್ಟು. ೧೯೮೧ರಲ್ಲಿ ಅದರ ಕೆಲಸಕ್ಕೆ ಅಡಿಗಲ್ಲು ಬಿದ್ದಿತು. ೧೯೯೦ರ ದಶಕದಲ್ಲಿ ನೀರು ನಿಂತಿತು. ಹರಿಯುವ ಹೊಳೆಯ ಮೀನುಗಾರಿಕೆ ನಿಂತ ನೀರಿನ ಮೀನುಗಾರಿಕೆಯಾಯಿತು. ಕೆರೆಗಳಲ್ಲಿಯೂ ಹೊಸಬರು ಬಂದರು. ಆಫ್ರಿಕಾದ ತಿಲಾಪಿಯ, ನಮ್ಮ ಜನ ಜಿಲೇಬಿ ಎಂದು ಕರೆಯುವ ಮೀನು, ೧೯೫೨ರಲ್ಲಿ ಭಾರತಕ್ಕೆ ಬಂದಿತು. ೧೯೫೭ರ ಜುಲೈ ೧೦ರಂದು ಒರಿಸ್ಸಾದ ಅಂಗುಲಿನಲ್ಲಿ ಹೀರಾಲಾಲ್ ಚೌಧುರಿಯವರು ಮೀನಿನ ಮಿದುಳಿನಡಿಯ ಗ್ರಂಥಿಯ ರಸವನ್ನು ಚುಚ್ಚಿ ದೊಡ್ಡ ಕಾರ್ಪ್ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ಅಲ್ಲಿಯತನಕ ಹರಿಯುವ ಹೊಳೆಯಿಂದ ಮರಿಗಳನ್ನು ಸೋಸಿ ತರಬೇಕಾಗಿತ್ತು. ಆಮೇಲೆ ಬೇಕಾದ ಕೆರೆಗೆ ಬೇಕಾದಷ್ಟು ಬಿತ್ತನೆ ಮರಿ ಎಂಬಂತಾಯಿತು. ತೆಲಂಗಾಣ ಸರಕಾರವು ೨೦೧೫ರಲ್ಲಿ ಕೆರೆಗಳ ಹೂಳೆತ್ತುವ 'ಮಿಷನ್ ಕಾಕತೀಯ'ವನ್ನೂ ೨೦೧೬ರಲ್ಲಿ ಮೀನುಮರಿಗಳನ್ನು ಉಚಿತವಾಗಿ ಬಿಡುವ ಯೋಜನೆಯನ್ನೂ ಆರಂಭಿಸಿತು. ಕಾಟ್ಲಾ, ರೋಹುಗಳು ತೂಕಕ್ಕೆ ಬರುವ ಮೀನುಗಳು. ಅವುಗಳಿಂದ ಅನೇಕ ಮನೆಗಳು ನೆಮ್ಮದಿ ಕಂಡಿವೆಯೆಂಬುದನ್ನು ಅಲ್ಲಗಳೆಯುವಂತಿಲ್ಲ.

ಆದರೂ ಟ್ಯೂಬಿನ ಮೇಲೆ ಕುಳಿತವನು ಹುಡುಕುವುದು ಹೆಚ್ಚಾಗಿ ಯಾರೂ ಬಿತ್ತದ ಮೀನನ್ನು: ಪಕ್ಕೆ, ಚೇಳುಮೀನು, ಕೊರವ. ಈ ಕೊರವನ ಸ್ವಭಾವ ವಿಚಿತ್ರ. ನೀರಿನ ಮೇಲಕ್ಕೆ ಬಂದು ಗಾಳಿಯನ್ನೇ ಕುಡಿಯಬಲ್ಲುದು. ಆದುದರಿಂದ ಕೆರೆ ಕೆಸರಾದರೂ ಬದುಕುತ್ತದೆ. ಮರಿಗಳನ್ನು ಕಾಯುವುದರಲ್ಲಿ ಎಷ್ಟು ಕಟ್ಟುನಿಟ್ಟೆಂದರೆ, ಕೆಂಪನೆಯ ಮರಿಗಳ ಹಿಂಡು ನೀರಿನ ಮೇಲೆ ಮಿನುಗಿದಲ್ಲೆಲ್ಲ ಕೆಳಗೆ ತಂದೆತಾಯಿಗಳಿವೆಯೆಂದು ತಿಳಿಯಬೇಕು. ಬಲ್ಲವರು ಆ ಹಿಂಡಿನ ಬಳಿ ಬಲೆ ಬೀಸುವುದಿಲ್ಲ, ಬೀಸುವವರೂ ಇದ್ದಾರೆ. ತೆಲಂಗಾಣ ಇದನ್ನೇ ತನ್ನ ರಾಜ್ಯಮೀನೆಂದು ಸಾರಿದೆ.

ಟ್ಯೂಬಿನ ಕಥೆ ಚಿಕ್ಕದು. ೧೮೮೮ರಲ್ಲಿ ಡನ್‌ಲಪ್ ಗಾಳಿ ತುಂಬಿದ ರಬ್ಬರ್ ಗಾಲಿಗೆ ಪೇಟೆಂಟ್ ಪಡೆದನು. ಲಾರಿಗಳು ನಮ್ಮ ಹಾದಿಗಳಿಗೆ ಬಂದಾಗ, ತೇಪೆ ಹಾಕಿ ಸವೆದ ಟ್ಯೂಬುಗಳು ಪಂಕ್ಚರ್ ಅಂಗಡಿಯಿಂದ ಕೆರೆಗೆ ಇಳಿದವು. ಚರ್ಮದ ಹರಗೋಲಿಗೆ ನಾಲ್ಕು ಕಸುಬಿನವರು ಬೇಕು. ಟ್ಯೂಬಿಗೆ ಒಬ್ಬ ಸಾಕು. ಹರಗೋಲು ಕೂಡ ಚರ್ಮವನ್ನು ಬಿಟ್ಟು ಡಾಂಬರು ಬಳಿದ ತಟ್ಟು, ಪ್ಲಾಸ್ಟಿಕ್ ಹಾಳೆ, ಕೊನೆಗೆ ಫೈಬರ್ ಎಂದು ವೇಷ ಬದಲಿಸಿತು. ಬಿದಿರು ಹೆಣೆಯುವ ಕೈಗೆ ಕೆಲಸ ತಪ್ಪಿತು. ಈಗ ಟ್ಯೂಬಿಲ್ಲದ ಗಾಲಿಗಳು ಬರುತ್ತಿರುವುದರಿಂದ ಹಳೆಯ ಟ್ಯೂಬಿಗೂ ಅಭಾವವಾಗಿ, ಥರ್ಮಾಕೋಲಿನ ದಿಮ್ಮಿಗಳನ್ನು ಚೀಲದಲ್ಲಿ ಹೊಲಿದು ಅದರ ಮೇಲೆ ಕೂರುವವರು ಕಾಣಿಸಿಕೊಳ್ಳುತ್ತಿದ್ದಾರೆ.

ಈ ಸಾಧನಗಳ ಕುರಿತು ಸೊಗಸಾಗಿ ಬರೆಯುವಾಗ ನೀರಿನ ನಿಷ್ಠುರತೆಯನ್ನು ಮರೆಯಬಾರದು. ಮಖ್ತಲಿನ ಪಂಚದೇವಪಹಾಡಕ್ಕೂ ರಾಯಚೂರು ತಾಲ್ಲೂಕಿನ ಕುರ್ವಕಲ ದ್ವೀಪಕ್ಕೂ ನಡುವೆ, ೨೦೨೦ರ ಆಗಸ್ಟ್ ತಿಂಗಳಲ್ಲಿ, ಸಂತೆ ಸಾಮಾನು ತೆಗೆದುಕೊಂಡು ಮರಳುತ್ತಿದ್ದವರ ಹರಗೋಲು ಪ್ರವಾಹದಲ್ಲಿ ಮಗುಚಿ ನಾಲ್ವರು ಕೊಚ್ಚಿಹೋದರು. ಕುರುವಪುರದ ದತ್ತಕ್ಷೇತ್ರಕ್ಕೆ ಹೋಗುವ ಯಾತ್ರಿಕರಿಗೆಲ್ಲ ಪರಿಚಯವಿರುವ ನೀರು ಅದು. ಸಣ್ಣ ಕೆರೆಯಲ್ಲಿಯೂ ಟ್ಯೂಬಿಗೆ ಮುಳ್ಳು ತಗುಲಿದರೆ ಜೊಂಡಿನ ಬೇರುಗಳ ನಡುವೆ ಈಜು ಬಲ್ಲವನೂ ಸಿಕ್ಕಿಬೀಳುತ್ತಾನೆ. ಆದ್ದರಿಂದ ಈ ಲೇಖನವನ್ನು ಓದಿ ಯಾವ ವಿದ್ಯಾರ್ಥಿಯೂ ಟ್ಯೂಬು ಹುಡುಕಿಕೊಂಡು ಕೆರೆಗೆ ಇಳಿಯಬಾರದೆಂದು ಉಪಾಧ್ಯಾಯನ ಅಧಿಕಾರದಿಂದಲೇ ಹೇಳುತ್ತೇನೆ.

ಇವಿಷ್ಟನ್ನೂ ತರಗತಿಯಲ್ಲಿ ಎರಡು ದಿನ ಹೇಳಿದೆನು. ಅಸ್ಸೀರಿಯದ ಶಿಲ್ಪದ ಚಿತ್ರವನ್ನು ಹಲಗೆಯ ಮೇಲೆ ನನಗೆ ಬಂದಂತೆ ಬರೆದಾಗ, ಹಿಂದಿನ ಸಾಲಿನಿಂದ ಒಬ್ಬನು "ಅವ್ರಪ್ಪನಂಗೇ ಕುಂತಾನ್ರಿ" ಎಂದನು. ಈ ಸಲ ಯಾರೂ ನಗಲಿಲ್ಲ. ಮೂರನೆಯ ದಿನ ಆ ಹುಡುಗನು ಒಂದು ನೋಟ್ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟನು. ಅವನ ಮುತ್ಯಾ ಚಿಕ್ಕಂದಿನಲ್ಲಿ ಚರ್ಮದ ಹರಗೋಲು ನಡೆಸಿದವರಂತೆ. ಅವರಿಂದ ಕೇಳಿ ಬಲೆಯ ಅಂಚು, ಹುಟ್ಟಿನ ಹಿಡಿ, ನೀರಿನ ಸುಳಿ, ಮೀನಿನ ಮರಿಗಳ ಹಿಂಡು ಇವುಗಳ ಹೆಸರುಗಳನ್ನು ಬರೆದುಕೊಂಡು ಬಂದಿದ್ದನು. ಒಟ್ಟು ಹದಿನಾಲ್ಕು ಮಾತು. ಒಂಬತ್ತು ಕನ್ನಡ, ನಾಲ್ಕು ತೆಲುಗು. ಉಳಿದ ಒಂದರ ಮುಂದೆ ಅರ್ಥವನ್ನು ಬರೆದಿರಲಿಲ್ಲ. ಕೇಳಿದರೆ, "ಅದು ಬಾಯ್ಲೆ ಹೇಳಾಕ ಬರಂಗಿಲ್ಲಂತ್ರಿ, ಕೆರಿಗೆ ಬಂದ್ರ ತೋರಸ್ತೀನಂದಾರ" ಎಂದನು. ಬರುವ ಭಾನುವಾರ ಹೋಗಬೇಕು.